ಏನೂ ಆಗದ ಕಾರು

ನಮ್ಮ ಭಾವನವರಿಗೆ ಇಬ್ಬರು ಮಕ್ಕಳು, ಒಂದು ಇನ್ನೋವಾ. ಮಕ್ಕಳ ಸುದ್ದಿ ನಾವಾಗಿ ಕೇಳಿದರೆ ಹೇಳುತ್ತಾರೆ. ಇನ್ನೋವಾದ ಸುದ್ದಿಯನ್ನು ಕೇಳಬೇಕಾಗಿಯೇ ಇಲ್ಲ, ಕಾಫಿ ಲೋಟ ಕೈಗೆ ಬರುವ ಮೊದಲೇ ಅದು ಬಂದಿರುತ್ತದೆ. ಸೋಜಿಗವೆಂದರೆ ಆ ಸುದ್ದಿ ಎರಡೇ ಮಾತಿನದು: "ಏನೂ ಆಗಲ್ಲ."

2011ರಲ್ಲಿ ಕೊಂಡ ಡೀಸೆಲ್ ಗಾಡಿ. ಮೀಟರು ಮೂರು ಲಕ್ಷ ಕಿಲೋಮೀಟರು ದಾಟಿದೆ. "ಆಯಿಲ್ ಬದಲಾಯಿಸ್ತೀನಿ, ಫಿಲ್ಟರ್ ಬದಲಾಯಿಸ್ತೀನಿ, ಬ್ರೇಕ್ ಪ್ಯಾಡು. ಇಂಜಿನ್ನಿಗೆ ಇವತ್ತಿನವರೆಗೂ ಕೈ ಹಾಕಿಲ್ಲ ಕಣಯ್ಯ. ಏನೂ ಆಗಲ್ಲ." ಹೀಗೆನ್ನುವಾಗ ಅವರ ಮುಖದ ಮೇಲೆ ಬಿ.ಪಿ., ಶುಗರು ಎರಡೂ ನಾರ್ಮಲ್ ಎಂದು ರಿಪೋರ್ಟು ಬಂದವರ ಕಳೆ ಇರುತ್ತದೆ.

ನನ್ನ ಕಾರಿನ ಹೆಸರು ಹೇಳುವುದಿಲ್ಲ. ಅದು ಯಾರದೋ ಮನೆಯ ಅನ್ನ. ಅದಕ್ಕೆ ಆಗದೆ ಉಳಿದಿರುವುದು ಯಾವುದೂ ಇಲ್ಲ ಎಂದಷ್ಟೇ ಹೇಳಬಲ್ಲೆ. ನನ್ನ ಮಟ್ಟಿಗೆ ಕರ್ನಾಟಕದ ಭೂಪಟವೇ ಬೇರೆ. ಕುಣಿಗಲ್ ಎಂದರೆ ರೇಡಿಯೇಟರು, ಹಾಸನ ಎಂದರೆ ಕ್ಲಚ್ ಪ್ಲೇಟು, ಶಿರಾ ಎಂದರೆ ಫ್ಯಾನ್ ಬೆಲ್ಟು. ಯಾವ ಊರಿನ ಮೆಕ್ಯಾನಿಕ್ಕಿಗೆ ಎಷ್ಟು ಮಕ್ಕಳು, ಯಾರ ಹೆಂಡತಿಗೆ ಥೈರಾಯ್ಡು ಎಂಬುದೆಲ್ಲ ನನಗೆ ಗೊತ್ತು. ಮಂಡ್ಯದ ಒಬ್ಬನ ಮಗಳ ನಾಮಕರಣಕ್ಕೂ ಹೋಗಿ ಉಂಡು ಬಂದಿದ್ದೇನೆ. ಭಾವನವರಿಗೆ ಈ ಬಳಗವಿಲ್ಲ. ಹದಿನಾಲ್ಕು ವರ್ಷ ಕಾರು ಓಡಿಸಿ ಒಬ್ಬ ಮೆಕ್ಯಾನಿಕ್ಕಿನ ಸ್ನೇಹವನ್ನೂ ಸಂಪಾದಿಸಿಲ್ಲವೆಂದರೆ ಅದೆಂಥ ಬಾಳು?

ಕಳೆದ ತಿಂಗಳು ಮೈಸೂರಿನಲ್ಲಿ ಒಂದು ಮದುವೆ. ನನ್ನ ಕಾರು ಎಂದಿನಂತೆ ಆಸ್ಪತ್ರೆಯಲ್ಲಿತ್ತು. ಹಾಗಾಗಿ ಭಾವ, ಅಕ್ಕ, ನಾನು, ನನ್ನಾಕೆ ಎಲ್ಲರೂ ಇನ್ನೋವಾದಲ್ಲೇ ಹೊರಟೆವು. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಬಿಡದಿಯನ್ನು ಹಾರಿಸಿಕೊಂಡೇ ಹೋಗಿಬಿಡಬಹುದು. ಆದರೆ ತಟ್ಟೆ ಇಡ್ಲಿ ತಿನ್ನದೆ ಬಿಡದಿ ದಾಟುವುದು, ದೇವಸ್ಥಾನದ ಮುಂದೆ ಹಾದು ಕೈಮುಗಿಯದೆ ಹೋದ ಹಾಗೆ. ಸರ್ವೀಸ್ ರಸ್ತೆಗೆ ಇಳಿಸಿದೆವು.

ಬಿಡದಿಯಲ್ಲಿ ಭಾವನವರಿಗೆ ಎರಡು ಭಕ್ತಿ. ಇಡ್ಲಿಯದು ಒಂದು, ಟೊಯೊಟಾ ಕಾರ್ಖಾನೆಯದು ಇನ್ನೊಂದು. ಇವರ ಕಾರು ಹುಟ್ಟಿದ್ದು ಅಲ್ಲೇ. "ಇದರ ತೌರುಮನೆ" ಎಂದು ಬಾನೆಟ್ಟು ಸವರಿದರು. ಅಕ್ಕ ನನ್ನ ಕಡೆ ನೋಡಿ, "ನನ್ನ ತೌರುಮನೆ ದಾರೀಲಿ ಹೋಗುವಾಗ ಒಂದು ದಿನವಾದರೂ ಹೀಗೆ ಸವರಿದ್ದಾರಾ ಕೇಳು" ಎಂದಳು. ನಾನು ಚಟ್ನಿ ಕೇಳಿದೆ.

ಬಿಡದಿ ಎಂಬ ಹೆಸರೇ ಎಷ್ಟು ಸರಿಯಾಗಿ ಕೂತಿದೆ ನೋಡಿ. ಮದುವೆಗೆ ಬಂದ ಗಂಡಿನ ಕಡೆಯವರನ್ನು ಇಳಿಸುವ ಮನೆಗಲ್ಲವೇ ನಾವು ಬಿಡದಿ ಅನ್ನುವುದು? 1997ರಲ್ಲಿ ಜಪಾನಿನ ಟೊಯೊಟಾ ಮತ್ತು ನಮ್ಮ ಕಿರ್ಲೋಸ್ಕರ್ ಮನೆತನದ ನಡುವೆ ಬೀಗತನ ಕುದುರಿ, ಬೀಗರು ಬಂದು ಇಳಿದದ್ದು ಬಿಡದಿಯಲ್ಲೇ. ಅಲ್ಲಿ ಜಪಾನಿನಲ್ಲಿ ಕಂಪನಿಯ ಕಾರ್ಖಾನೆ ಇದ್ದ ಕೊರೊಮೊ ಎಂಬ ಊರು 1959ರಲ್ಲಿ ತನ್ನ ಹೆಸರು ಬಿಟ್ಟು 'ಟೊಯೊಟಾ' ಎಂದೇ ಕರೆಸಿಕೊಂಡಿತು. ನಮ್ಮವರು ಅಷ್ಟು ಧಾರಾಳಿಗಳಲ್ಲ. ರಾಮನಗರ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾದರೂ ಬಿಡದಿ ಬಿಡದಿಯಾಗಿಯೇ ಉಳಿಯಿತು. ಇಡ್ಲಿಯ ಹೆಸರನ್ನು ಕಾರಿಗೆ ಬಿಟ್ಟುಕೊಡಲು ಯಾರಿಗೆ ಮನಸ್ಸು ಬಂದೀತು?

ಬೀಗರ ಮನೆತನ ವಿಚಾರಿಸಬೇಕಲ್ಲ. ಗಂಡಿನ ಕಡೆಯವರು ಮೂಲತಃ ಮಗ್ಗದವರು. ಸಕಿಚಿ ಟೊಯೊಡ ಎಂಬಾತ ಬಡಗಿಯ ಮಗ, 1867ರಲ್ಲಿ ಹುಟ್ಟಿದವನು. ಮನೆಯಲ್ಲಿ ತಾಯಿ ಮಗ್ಗದ ಮುಂದೆ ಕೂತು ಬೆನ್ನು ಬಗ್ಗಿಸುವುದನ್ನು ಕಂಡು ಮಗ್ಗವನ್ನೇ ತಿದ್ದಲು ಹೊರಟ. ಹಳ್ಳಿಯವರು ಇವನಿಗೆ ತಲೆಕೆಟ್ಟಿದೆ ಎಂದುಕೊಂಡಿರಬೇಕು. ಉಳಿ ಬಾಚಿ ಹಿಡಿಯಬೇಕಾದ ಮಗ ಹೆಂಗಸರ ಕೆಲಸದ ಯಂತ್ರದ ಮುಂದೆ ಕೂತರೆ ಯಾವ ಊರು ತಾನೇ ಸುಮ್ಮನಿರುತ್ತದೆ? 1924ರ ಹೊತ್ತಿಗೆ ಅವನ ಮಗ್ಗ ಎಲ್ಲಿಗೆ ಮುಟ್ಟಿತ್ತೆಂದರೆ, ಓಡುತ್ತಿರುವಾಗಲೇ ಲಾಳಿಯನ್ನು ತಾನೇ ಬದಲಾಯಿಸಿಕೊಳ್ಳುತ್ತಿತ್ತು. ಅದಕ್ಕಿಂತ ದೊಡ್ಡ ಚಮತ್ಕಾರ ಇನ್ನೊಂದು. ಹಾಸಿನಲ್ಲಿ ಒಂದೇ ಒಂದು ಎಳೆ ತುಂಡಾದರೂ ಮಗ್ಗ ಗಕ್ಕನೆ ನಿಂತುಬಿಡುತ್ತಿತ್ತು. ತುಂಡಾದ ಎಳೆಯ ಮೇಲೇ ಗಜಗಟ್ಟಲೆ ಕೆಟ್ಟ ಬಟ್ಟೆ ನೇಯ್ದು, ಆಮೇಲೆ ತಲೆ ಮೇಲೆ ಕೈಹೊತ್ತು ಕೂರುವ ಪಾಡು ತಪ್ಪಿತು. ಒಂದೊಂದು ಮಗ್ಗಕ್ಕೆ ಒಬ್ಬೊಬ್ಬರನ್ನು ಕಾವಲು ನಿಲ್ಲಿಸಬೇಕಾದದ್ದೂ ತಪ್ಪಿತು. ಒಬ್ಬ ಹುಡುಗಿ ಹತ್ತಾರು ಮಗ್ಗ ನೋಡಿಕೊಂಡಳು.

1929ರಲ್ಲಿ ಈ ಮಗ್ಗದ ಹಕ್ಕನ್ನು ಕೊಂಡವರು ಯಾರು ಗೊತ್ತೇ? ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್. ಲ್ಯಾಂಕಷೈರಿನವರು ಸ್ವಾಮಿ! ನಮ್ಮ ನೇಕಾರರ ಅನ್ನಕ್ಕೆ ಕಲ್ಲು ಹಾಕಿದ ಸೀಮೆ. ಜಗತ್ತಿಗೆಲ್ಲ ಮಗ್ಗ ಮಾರಿದವರು ಒಬ್ಬ ಬಡಗಿಯ ಮಗನಿಗೆ ಒಂದು ಲಕ್ಷ ಪೌಂಡು ಕೊಡಲು ಒಪ್ಪಂದಕ್ಕೆ ಸಹಿ ಹಾಕಿದರು. ಆ ದುಡ್ಡೇ ಮಗ ಕೀಚಿರೊನ ಕಾರಿನ ಹುಚ್ಚಿಗೆ ಬೀಜವಾಯಿತೆಂದು ಆ ಮನೆಯವರು ಹೇಳಿಕೊಳ್ಳುತ್ತಾರೆ. ಸಕಿಚಿ ಮಾರನೆಯ ವರ್ಷವೇ ತೀರಿಕೊಂಡ. ಮಗ ಮಗ್ಗದ ಕಾರ್ಖಾನೆಯ ಒಂದು ಮೂಲೆಯಲ್ಲಿ ಕಾರಿನ ಕೆಲಸ ಶುರುಮಾಡಿ, 1937ರಲ್ಲಿ ಬೇರೆ ಕಂಪನಿಯನ್ನೇ ಕಟ್ಟಿದ.

ಮನೆತನದ ಹೆಸರು ಟೊಯೊಡ, ಕಾರಿನ ಹೆಸರು ಟೊಯೊಟಾ. ಕೊನೆಯ ಅಕ್ಷರ ಎಲ್ಲಿ ಜಾರಿತು? 1936ರಲ್ಲಿ ಲಾಂಛನಕ್ಕಾಗಿ ಊರೆಲ್ಲ ಡಂಗುರ ಸಾರಿ ಸ್ಪರ್ಧೆ ಇಟ್ಟರು. 27,000ದಷ್ಟು ನಮೂನೆಗಳು ಬಂದವು. ಗೆದ್ದದ್ದರಲ್ಲಿ ಹೆಸರು 'ಟೊಯೊಟಾ' ಎಂದಿತ್ತು. ಜಪಾನೀ ಲಿಪಿಯಲ್ಲಿ 'ಡ'ಕ್ಕೂ 'ಟ'ಕ್ಕೂ ಎರಡು ಸಣ್ಣ ಗೀಟುಗಳ ವ್ಯತ್ಯಾಸ ಅಷ್ಟೆ. ಅವೆರಡನ್ನು ಅಳಿಸಿದರೆ ಇಡೀ ಹೆಸರು ಎಂಟು ಗೀಟಿನಲ್ಲಿ ಮುಗಿಯುತ್ತದೆ. ಎಂಟು ಅವರಿಗೆ ಅದೃಷ್ಟದ ಸಂಖ್ಯೆ. ಇದನ್ನು ಓದಿದ ದಿನ ನನಗೆ ಆ ಕಂಪನಿಯ ಮೇಲೆ ಮೊದಲ ಬಾರಿಗೆ ಪ್ರೀತಿ ಹುಟ್ಟಿತು. ಸಂಖ್ಯಾಶಾಸ್ತ್ರಕ್ಕಾಗಿ ಹೆಸರಿಗೆ ಒಂದು ಇಂಗ್ಲಿಷ್ ಅಕ್ಷರ ಹೆಚ್ಚು ತುರುಕಿಕೊಳ್ಳುವ ನಮ್ಮ ಸಿನಿಮಾದವರು, ಒಂಬತ್ತು ಬರುವ ನಂಬರ್ ಪ್ಲೇಟಿಗೆ ಲಕ್ಷ ಸುರಿಯುವ ನಮ್ಮ ಕಾರ್ಪೊರೇಟರುಗಳು ಇವರೆಲ್ಲ ಅಂಥ ದೊಡ್ಡ ಕಂಪನಿಯ ಸಾಲಿನಲ್ಲೇ ನಿಂತಿದ್ದಾರೆ ಎಂದಾಯಿತಲ್ಲ.

ಟೊಯೊಡ ಎಂದರೆ ಹುಲುಸಾದ ಗದ್ದೆ ಎಂದರ್ಥ. ಹೋಂಡಾದವರ ಹೆಸರಿನಲ್ಲೂ ಗದ್ದೆಯೇ ಇದೆ. ಅರ್ಥ ಕೇಳಲು ಅವರು ಕನ್ನಡ ನಾಡಿಗೆ ಬರಬಾರದಿತ್ತು ಅಷ್ಟೆ. ಇಲ್ಲಿ ರಸ್ತೆಯ ತುಂಬ ಅದೇ ಇರುವುದು.

ಇನ್ನು ನಮ್ಮ ಕಡೆಯ ಬೀಗರು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿತಾಯಿಗೆ ವಿಷ ಏರುತ್ತದೆಂದು ರೈತರು ಹತ್ತಿರ ಸೇರಿಸಲಿಲ್ಲ. ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತಂತೆ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳನ್ನು ಹಳೆಯ ವರ್ಕ್‌ಶಾಪುಗಳಲ್ಲಿ ಕಂಡವರು ಈಗಲೂ ಇದ್ದಾರೆ. ಈ ಮನೆಯ ನಾಲ್ಕನೆಯ ತಲೆಮಾರಿನ ವಿಕ್ರಂ ಕಿರ್ಲೋಸ್ಕರ್ ಅವರೇ ಟೊಯೊಟಾವನ್ನು ಕರೆತಂದವರು. ಮೊದಲು ನಂಟು ಬೆಸೆದದ್ದೂ ಕಾರಿನಿಂದಲ್ಲ. 1995ರಲ್ಲಿ ಎರಡು ಮನೆಯವರೂ ಕೂಡಿ ಶುರುಮಾಡಿದ್ದು ನೂಲುವ ಯಂತ್ರದ ಕಂಪನಿ, ಜಿಗಣಿಯಲ್ಲಿ. ನೂಲಿನಿಂದ ಬೆಳೆದ ಮನೆ ನೂಲಿನಿಂದಲೇ ಸಂಬಂಧ ಬೆಳೆಸಿತು.

ಬೀಗತನದ ಚೊಚ್ಚಲು ಕೂಸು ಕ್ವಾಲಿಸ್. 2000ದ ಜನವರಿಯಲ್ಲಿ ಬಂತು. ನೋಡಲು ಬಿಸ್ಕತ್ತಿನ ಡಬ್ಬಕ್ಕೆ ಗಾಲಿ ಕಟ್ಟಿದ ಹಾಗೆ. ಇಂಡೋನೇಷ್ಯಾದಲ್ಲಿ ಅದರ ಅಣ್ಣನಿಗೆ 'ಕಿಜಾಂಗ್' ಎಂದು ಹೆಸರು, ಜಿಂಕೆ ಎಂದರ್ಥ. ಯಾವ ಕೋನದಿಂದ ನೋಡಿದರೆ ಅದು ಜಿಂಕೆಯಂತೆ ಕಂಡಿತೋ! ಹಳೆಯ ಗಾಡಿಗೆ ಹೊಸ ಅಂಗಿ ತೊಡಿಸಿ ತಂದಿದ್ದಾರೆ ಎಂದು ಪತ್ರಿಕೆಗಳಲ್ಲಿ ಬರೆಯುವವರು ಮೂಗು ಮುರಿದರು. ಆದರೆ ಕಾಲ ಎಂಥದು? ಬೆಂಗಳೂರಿನಲ್ಲಿ ಕಾಲ್ ಸೆಂಟರುಗಳು ಅಣಬೆಯಂತೆ ಎದ್ದು, ಅಮೆರಿಕದವರಿಗೆ ಹಗಲಾದಾಗ ನಮ್ಮ ಹುಡುಗರು ಎದ್ದು ಕೂರುತ್ತಿದ್ದ ಕಾಲ. ರಾತ್ರಿ ಎರಡು ಗಂಟೆಗೆ ಮನೆ ಮುಂದೆ ಹಾರ್ನ್ ಹೊಡೆದು ಇಡೀ ಬೀದಿಯ ನಿದ್ದೆ ಕೆಡಿಸುತ್ತಿದ್ದ ಗಾಡಿ ಒಂದೋ ಸುಮೋ, ಇಲ್ಲವೇ ಕ್ವಾಲಿಸ್. ಎಷ್ಟೋ ಪ್ರೇಮಗಳು ಅದರ ಹಿಂದಿನ ಸೀಟಿನಲ್ಲಿ ಮೊಳೆತು ಮದುವೆಯವರೆಗೆ ಹೋದವು. ಆ ಗಾಡಿಯನ್ನು ಹಗಲು ಒಬ್ಬ, ರಾತ್ರಿ ಒಬ್ಬ ಓಡಿಸುತ್ತಿದ್ದರು, ಅದಕ್ಕೆ ನಿದ್ದೆಯೇ ಇರಲಿಲ್ಲ. ಹಳೆಯ ಕ್ವಾಲಿಸ್ ಡ್ರೈವರುಗಳನ್ನು ಕೇಳಿದರೆ ಅವರೂ ಮಂತ್ರದಂತೆ ಅದನ್ನೇ ಅನ್ನುತ್ತಾರೆ: "ಏನೂ ಆಗ್ತಿರ್ಲಿಲ್ಲ ಸಾರ್."

ಇಷ್ಟು ಚೆನ್ನಾಗಿ ಓಡುತ್ತಿದ್ದ ಗಾಡಿಯನ್ನು 2005ರಲ್ಲಿ ನಿಲ್ಲಿಸಿಬಿಟ್ಟರು. ವ್ಯಾಪಾರ ಬಿದ್ದ ಮೇಲೆ ಅಂಗಡಿ ಮುಚ್ಚುವುದು ನಮ್ಮ ಪದ್ಧತಿ. ಇವರು ಗಿರಾಕಿ ಬಾಗಿಲಲ್ಲಿ ನಿಂತಿರುವಾಗಲೇ ಒಲೆ ಆರಿಸಿ, ಬೇರೆ ಪಾತ್ರೆ ಇಟ್ಟರು. ಅದೇ ಇನ್ನೋವಾ. ಅಲ್ಲಿಂದಾಚೆಗೆ ಕರ್ನಾಟಕದಲ್ಲಿ ಬಿಳಿ ಇನ್ನೋವಾ ಒಂದು ವಾಹನವಾಗಿ ಉಳಿಯಲಿಲ್ಲ, ಒಂದು ಹುದ್ದೆಯಾಯಿತು. ಕಿಟಕಿಗೆ ಪರದೆ ಕಟ್ಟಿದ ಬಿಳಿ ಇನ್ನೋವಾ ಹಳ್ಳಿಗೆ ಬಂದರೆ ಅರಳಿಕಟ್ಟೆಯಲ್ಲಿ ಕೂತವರು ಒಳಗೆ ಯಾರಿದ್ದಾರೆಂದು ನೋಡುವ ಮೊದಲೇ ಎದ್ದು ನಿಲ್ಲುತ್ತಾರೆ. ಒಮ್ಮೆ ನಮ್ಮ ಭಾವನವರಿಗೂ ಹಾಗೆ ಎದ್ದು ನಿಂತಿದ್ದರಂತೆ. ಇಳಿದು "ಶೌಚಾಲಯ ಎಲ್ಲಿದೆ?" ಎಂದು ಕೇಳಿದಾಗ ಕೂತರಂತೆ.

ಟೊಯೊಟಾ ಇಟ್ಟುಕೊಂಡವರಲ್ಲೂ ಪಂಗಡಗಳಿವೆ. ಹಳೆಯ ಇನ್ನೋವಾದವರು ಹೊಸ ಇನ್ನೋವಾ ಹೈಕ್ರಾಸಿನವರನ್ನು ಪೂರ್ತಿ ಒಪ್ಪುವುದಿಲ್ಲ. ಡೀಸೆಲ್ ಇಲ್ಲ, ಹಿಂದಿನ ಗಾಲಿಯ ಎಳೆತ ಇಲ್ಲ, ಚಾಸಿ ಇಲ್ಲ, ಇದೆಂಥ ಇನ್ನೋವಾ ಎಂದು ಗೊಣಗುತ್ತಾರೆ. ಹೈಕ್ರಾಸಿನವರು ಅರ್ಧ ಪೆಟ್ರೋಲು, ಅರ್ಧ ಬ್ಯಾಟರಿಯಲ್ಲಿ ಸದ್ದಿಲ್ಲದೆ ಹೊರಟುಹೋಗುತ್ತಾರೆ. ಸ್ಟಾರ್ಟ್ ಆಯಿತೋ ಇಲ್ಲವೋ ಎಂದು ಇವರು ಕಿವಿಗೊಟ್ಟು ನಿಂತಿರುತ್ತಾರೆ. ಫಾರ್ಚುನರಿನವರ ವಿಷಯ ಬೇಡ, ಅವರು ಗಾಜು ಇಳಿಸುವುದಿಲ್ಲ. ಗ್ಲಾಂಜಾದವರ ಪಾಡು ಮಾತ್ರ ಪಾಪ ಅನ್ನಿಸುತ್ತದೆ. 2019ರಲ್ಲಿ ಸುಜುಕಿಯ ಜತೆಗಿನ ಒಪ್ಪಂದದ ಮೇಲೆ ಮಾರುತಿ ಬಲೆನೋಗೆ ಟೊಯೊಟಾ ಬಿಲ್ಲೆ ಅಂಟಿಸಿ ಬಂದ ಕಾರು ಅದು. ನಮ್ಮ ಪಕ್ಕದ ಮನೆಯವರದು ಗ್ಲಾಂಜಾ. ಭಾವ ಅವರನ್ನು ಕಂಡಾಗಲೆಲ್ಲ, "ನಿಮ್ಮ ಬಲೆನೋ ಹೇಗಿದೆ ಸಾರ್?" ಎಂದು ವಿಚಾರಿಸುತ್ತಾರೆ. ಅವರೂ ಬಿಡುವವರಲ್ಲ. "ಬಿಡದಿಯಲ್ಲೇ ಮಾರುತಿ ಗ್ರ್ಯಾಂಡ್ ವಿಟಾರಾನೂ ತಯಾರಾಗುತ್ತೆ, ಗೊತ್ತಲ್ಲ ಸಾರ್?" ಎಂದು ತಿರುಗಿಸಿ ಬಿಡುತ್ತಾರೆ. ಭಾವನವರಿಗೆ ಆಗ ಫೋನು ಬರುತ್ತದೆ.

ದೂರುಗಳೇ ಇಲ್ಲವೆಂದಲ್ಲ. ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕು, ಬುಕ್ ಮಾಡಿದರೆ ಗಾಡಿ ಬರುವ ಹೊತ್ತಿಗೆ ಹುಟ್ಟಿದ ಮಗು ಅಂಬೆಗಾಲಿಟ್ಟಿರುತ್ತದೆ, ಅದೇ ದುಡ್ಡಿಗೆ ಬೇರೆಯವರು ಚಾವಣಿಗೆ ಗಾಜು ಹಾಕಿ, ಸೀಟಿಗೆ ಗಾಳಿ ಹಾಕಿ ಕೊಡುತ್ತಾರೆ. ಇವೆಲ್ಲ ಕೊಂಡವರೇ ಹೇಳುವ ಮಾತು. ಆದರೆ ಹೇಳುವ ದನಿ ಬೇರೆ. ಕಟ್ಟುನಿಟ್ಟಿನ ಮೇಷ್ಟರನ್ನು ಬೈಯುವ ಹಳೆಯ ವಿದ್ಯಾರ್ಥಿಯ ದನಿ. ಕೊನೆಗೆ "ಆದರೂ ರೀಸೇಲ್ ವ್ಯಾಲ್ಯೂ ಇದೆಯಲ್ಲ" ಎಂದು ಸೇರಿಸುತ್ತಾರೆ. ಮಾರುವುದೇ ಇಲ್ಲದವರಿಗೆ ರೀಸೇಲ್ ವ್ಯಾಲ್ಯೂ ಏತಕ್ಕೆ ಎಂದು ನಾನೊಮ್ಮೆ ಕೇಳಿದೆ. "ಒಡವೆ ಯಾರು ಮಾರ್ತಾರಯ್ಯ? ತೂಕ ಗೊತ್ತಿರಬೇಕು ಅಷ್ಟೆ" ಎಂದರು ಭಾವ. ಅದಕ್ಕೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ಇಡ್ಲಿ ಅಂಗಡಿಯಲ್ಲಿ ಕೂತು ನಾನು ಈ 'ಏನೂ ಆಗಲ್ಲ'ದ ಗುಟ್ಟು ಬಿಡಿಸಲು ಹೊರಟೆ. ಸಕಿಚಿಯ ಮಗ್ಗದ ಬುದ್ಧಿಯನ್ನೇ ಅವರು ಕಾರಿನ ಕಾರ್ಖಾನೆಗೂ ತಂದರು. ಸಾಲಿನಲ್ಲಿ ಕೆಲಸ ಮಾಡುವ ಯಾವ ಹುಡುಗನೇ ಆಗಲಿ, ಒಂದು ಬೋಲ್ಟು ಸರಿ ಕೂರಲಿಲ್ಲ ಅನ್ನಿಸಿದರೆ ತಲೆ ಮೇಲಿನ ಹಗ್ಗ ಎಳೆಯುತ್ತಾನೆ. ದೀಪ ಹತ್ತುತ್ತದೆ, ಮೇಲಿನವನು ಓಡಿ ಬರುತ್ತಾನೆ, ಅಷ್ಟರಲ್ಲಿ ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಎಳೆದವನಿಗೆ ಬೈಗುಳವಿಲ್ಲ, ಸುಮ್ಮನಿದ್ದವನಿಗೆ ಉಂಟು. ಬೀದಿಯಲ್ಲಿ ಏನೂ ಆಗಬಾರದಾದರೆ ಕಾರ್ಖಾನೆಯೊಳಗೆ 'ಏನೋ ಆಗಿದೆ' ಎಂದು ದಿನವಿಡೀ ಬಾಯಿಬಿಟ್ಟು ಹೇಳುತ್ತಲೇ ಇರಬೇಕು. ನಮ್ಮಲ್ಲಿ ಹಗ್ಗ ಎಳೆಯುವವನಿಗೆ ಏನಂತೀವಿ? "ಒಸಿ ಅಡ್ಜಸ್ಟ್ ಮಾಡ್ಕೊಳ್ಳಪ್ಪ." ನಮ್ಮ ಮನೆಯ ಹಾಸಿನಲ್ಲಿ ಮೂವತ್ತು ವರ್ಷದ ಹಿಂದೆ ತುಂಡಾದ ಎಳೆಗಳಿವೆ. ನೇಯುತ್ತಲೇ ಇದ್ದೇವೆ.

ಇದಲ್ಲದೆ ಅವರದು 'ಐದು ಯಾಕೆ' ಎಂಬ ಇನ್ನೊಂದು ಪಾಠ. ಏನಾದರೂ ಕೆಟ್ಟರೆ ಐದು ಸಲ 'ಯಾಕೆ' ಎಂದು ಕೇಳುತ್ತಾ ಬುಡಕ್ಕೆ ಹೋಗಬೇಕು. ಇದನ್ನು ನಾನು ಮನೆಯಲ್ಲಿ ಪ್ರಯೋಗಿಸಿ ಕೈಸುಟ್ಟುಕೊಂಡೆ. ಕಾರು ಯಾಕೆ ನಿಂತಿತು? ಇಂಜಿನ್ ಕಾದದ್ದಕ್ಕೆ. ಯಾಕೆ ಕಾಯಿತು? ರೇಡಿಯೇಟರಿನಲ್ಲಿ ನೀರಿರಲಿಲ್ಲ. ಯಾಕಿರಲಿಲ್ಲ? ಹೊರಡುವಾಗ ನಾನು ನೋಡಲಿಲ್ಲ. ಯಾಕೆ ನೋಡಲಿಲ್ಲ? ನನ್ನಾಕೆ ನೋಡಿ ಎಂದದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಐದನೆಯ 'ಯಾಕೆ'ಯನ್ನು ಅವಳು ಕೇಳಿದಳು. ಅದು ಕಾರಿಗೆ ಸಂಬಂಧಿಸಿದ್ದಾಗಿರಲಿಲ್ಲ.

ಭಾವ ಇಡ್ಲಿ ಮುರಿಯುತ್ತ, "ಮತ್ತೆ ಜಸ್ಟ್ ಇನ್ ಟೈಮ್?" ಎಂದರು. ಅದಕ್ಕೆ ನಾವು ಕೂತ ಜಾಗವೇ ಸಾಕಿತ್ತು. ತೈಇಚಿ ಓನೊ ಎಂಬ ಎಂಜಿನಿಯರು, ಅಮೆರಿಕದ ಸೂಪರ್ ಮಾರ್ಕೆಟ್ಟಿನಲ್ಲಿ ಗಿರಾಕಿ ಎತ್ತಿಕೊಂಡಷ್ಟನ್ನೇ ಮತ್ತೆ ತುಂಬಿಸಿಡುವ ಕ್ರಮದಿಂದ ಸ್ಫೂರ್ತಿ ಪಡೆದು, ಬೇಕಾದಾಗ ಬೇಕಾದಷ್ಟೇ ಮಾಡುವ ಪದ್ಧತಿಯನ್ನು ಕಾರ್ಖಾನೆಯಲ್ಲಿ ಕೂರಿಸಿದ. ಆತ ಬಿಡದಿಗೆ ಬಂದಿದ್ದರೆ ಅಮೆರಿಕದ ಉದಾಹರಣೆ ಬೇಕಾಗುತ್ತಿರಲಿಲ್ಲ. ಇಲ್ಲಿ ನಾಲ್ಕು ತಟ್ಟೆ ಹೋಯಿತೆಂದರೆ ನಾಲ್ಕು ತಟ್ಟೆ ಹಿಟ್ಟು ಬೀಳುತ್ತದೆ. ಮುಂಚೆಯೇ ಬೇಯಿಸಿಟ್ಟರೆ ಇಡ್ಲಿ ಗಟ್ಟಿ, ತಡವಾದರೆ ಗಿರಾಕಿ ಗಟ್ಟಿ.

"ನಿಮ್ಮ ಟೊಯೊಟಾದವರೂ ಎಡವಿದ್ದಾರೆ ಭಾವ" ಎಂದೆ, ಅಷ್ಟು ಹೊಗಳಿದ ಮೇಲೆ ಒಂದು ಚಿವುಟದಿದ್ದರೆ ಹೇಗೆ? 2009-10ರಲ್ಲಿ ಕಾರು ತಾನಾಗಿ ನುಗ್ಗುತ್ತದೆಂಬ ಗದ್ದಲವೆದ್ದು ಲಕ್ಷಾಂತರ ಕಾರುಗಳನ್ನು ವಾಪಸು ಕರೆಸಿದರು. ಸಕಿಚಿಯ ಮರಿಮಗ ಅಕಿಯೊ ಟೊಯೊಡ ಅಮೆರಿಕದ ಸಂಸತ್ತಿನ ಮುಂದೆ ಕೂತು ಕ್ಷಮೆ ಕೇಳಬೇಕಾಯಿತು. ಗ್ರಾಹಕರಿಂದ ವಿಷಯ ಮುಚ್ಚಿಟ್ಟದ್ದಕ್ಕೆ 2014ರಲ್ಲಿ 120 ಕೋಟಿ ಡಾಲರು ದಂಡ ಬಿತ್ತು. 2024ರ ಜನವರಿಯಲ್ಲಿ ಡೀಸೆಲ್ ಇಂಜಿನ್ನಿನ ಪರೀಕ್ಷೆಯಲ್ಲಿ ಲೆಕ್ಕ ತಿದ್ದಿದ್ದು ಬಯಲಾಗಿ, ಇಲ್ಲೂ ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ಗಾಡಿಗಳನ್ನು ಕಳಿಸುವುದು ಕೆಲವು ದಿನ ನಿಂತಿತ್ತು. ಸಿಕ್ಕಿಬಿದ್ದದ್ದು ಯಾವ ಕಂಪನಿ? ಸಕಿಚಿಯ ಆ ಮಗ್ಗದ ಕಂಪನಿಯೇ! ಎಳೆ ತುಂಡಾದರೆ ನಿಲ್ಲುವ ಮಗ್ಗ ಕಂಡುಹಿಡಿದ ಮನೆಯಲ್ಲೂ ಯಾರೋ ಹಗ್ಗ ಎಳೆಯದೆ ಸುಮ್ಮನಿದ್ದರು.

"2020ರಲ್ಲಿ ಇದೇ ಬಿಡದಿಯಲ್ಲಿ ಕಾರ್ಮಿಕರು ತಿಂಗಳುಗಟ್ಟಲೆ ಮುಷ್ಕರ ಹೂಡಿ, ಕಂಪನಿಯವರು ಬೀಗ ಹಾಕಿದ್ದೂ ಉಂಟು" ಎಂದೆ. ಭಾವ ಕೈ ತೊಳೆದು ಬಂದರು. "ಅದೆಲ್ಲ ಸರಿ. ನನ್ನ ಗಾಡಿಗೆ ಏನಾದ್ರೂ ಆಯ್ತಾ?"

ಮದ್ದೂರು ದಾಟಿ ಸ್ವಲ್ಪ ದೂರದಲ್ಲಿ ಹಿಂದಿನ ಎಡಗಾಲಿ ಪಟಪಟ ಅಂದಿತು. ಗಾಡಿಯನ್ನು ಅಂಚಿಗೆ ನಿಲ್ಲಿಸಿದರು. ಪಂಕ್ಚರು. ನಾನು ಬಾಯಿ ತೆರೆಯುವ ಮೊದಲೇ, "ಟೈರು ಟೊಯೊಟಾದವರು ಮಾಡೋದಲ್ಲ" ಎಂದರು. ನಂತರ ಡಿಕ್ಕಿ ತೆಗೆದು, ಅಕ್ಕನ ಸೀರೆ ಬ್ಯಾಗು, ಉಡುಗೊರೆಯ ಕುಕ್ಕರು ಎಲ್ಲ ಇಳಿಸಿ ತಡಕಾಡಿದರು. ಮುಖ ಬಿಳಿಚಿತು. "ಸ್ಟೆಪ್ನಿ ಇಲ್ಲ ಕಣಯ್ಯ. ಯಾರೋ ಕದ್ದಿದ್ದಾರೆ."

"ಭಾವ, ಅದು ಗಾಡಿಯ ಹೊಟ್ಟೆ ಕೆಳಗೆ ನೇತಾಡ್ತಿದೆ. ಬಗ್ಗಿ ನೋಡಿ."

ಹದಿನಾಲ್ಕು ವರ್ಷದಲ್ಲಿ ಬಗ್ಗಿ ನೋಡುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ. ಜಾಕು ಎಲ್ಲಿದೆಯೆಂದೂ ಗೊತ್ತಿರಲಿಲ್ಲ, ಅದನ್ನೂ ನಾನೇ ಹುಡುಕಿದೆ. ಮುಂದಿನ ಗಾಲಿಗೆ ಕಲ್ಲು ಕೊಟ್ಟೆ, ರೇಷ್ಮೆ ಶರ್ಟು ಬಿಚ್ಚಿ ನನ್ನಾಕೆಯ ಕೈಗಿತ್ತೆ, ಬನಿಯನ್ನಿನಲ್ಲಿ ಮಲಗಿ ಸ್ಟೆಪ್ನಿ ಇಳಿಸಿದೆ. ಇಪ್ಪತ್ತು ನಿಮಿಷದ ಕೆಲಸ. ಕುಣಿಗಲ್ಲು, ಹಾಸನ, ಶಿರಾಗಳಲ್ಲಿ ಮಾಡಿದ ವಿದ್ಯಾಭ್ಯಾಸ ಅಂದು ಸಾರ್ಥಕವಾಯಿತು. ಭಾವ ನನ್ನ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದರು.

ಛತ್ರ ತಲುಪುವಾಗ ಧಾರೆ ಮುಗಿದಿತ್ತು. ಬಾಗಿಲಲ್ಲೇ ಹೆಣ್ಣಿನ ತಂದೆ ಎದುರಾದರು. ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕೆ ಇಷ್ಟು ತಡ? ದಾರೀಲಿ ಏನಾದ್ರೂ ಆಯ್ತಾ?" ಎಂದು ಗಾಬರಿಯಿಂದ ಕೇಳಿದರು.

ಭಾವ ಪನ್ನೀರು ಚಿಮುಕಿಸಿಕೊಂಡು, ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡರು. "ಏನೂ ಆಗಲಿಲ್ಲ. ಇನ್ನೋವಾ ತಾನೇ?"